ಕಲ್ಲಿನ ಬಳೆಯೂ ಕಬ್ಬಿಣದ ತಿರುಪೂ

ಯಳಂದೂರಿನ ಗೌರೀಶ್ವರ ದೇವಾಲಯದ ಮುಂದೆ ನಿಂತಿರುವ ಬಳೆಮಂಟಪವನ್ನು ನೋಡಲು ಹೋದವರ ದೃಷ್ಟಿ ಮೊದಲು ಹರಿಯುವುದು ಅದರ ಮೂಲೆಗಳ ಕಲ್ಲುಬಳೆಗಳ ಸರಪಣಿಯ ಕಡೆಗೆ. ಬಳೆಯೊಳಗೆ ಬಳೆ ಕೋದುಕೊಂಡು, ಕಮ್ಮಾರನು ಕಬ್ಬಿಣದ ಕೊಂಡಿಗಳನ್ನು ಕಾಯಿಸಿ ಬಾಗಿಸಿ ಬೆಸೆದಂತೆಯೇ ತೋರುವ ಈ ಸರಪಣಿಯಲ್ಲಿ ವಾಸ್ತವವಾಗಿ ಬೆಸುಗೆಯೆಂಬುದೇ ಇಲ್ಲ. ಒಂದೇ ಶಿಲಾಖಂಡವನ್ನು ಒಳಗೂ ಹೊರಗೂ ಕೊರೆಯುತ್ತ, ಬಳೆಬಳೆಗಳ ನಡುವಣ ಕಲ್ಲನ್ನು ಕಣಕಣವಾಗಿ ತೆಗೆಯುತ್ತ ಶಿಲ್ಪಿಯು ಒಂದಾಗಿದ್ದುದನ್ನು ಬಿಡಿಬಿಡಿಯಾಗಿಸಿದನೇ ಹೊರತು, ಬಿಡಿಯಾಗಿದ್ದುದನ್ನು ತಂದು ಕೂಡಿಸಲಿಲ್ಲ. ವಿಜಯನಗರದ ಸಾಮಂತರಾಗಿ ಹದಿನಾಡನ್ನು ಆಳಿದ ಅರಸರಲ್ಲಿ ಸಿಂಗದೇಪನು 16ನೇ ಶತಮಾನದಲ್ಲಿ ಕಟ್ಟಿಸಿದ ಈ ದೇವಾಲಯದ ಪ್ರಾಕಾರದಲ್ಲಿ ನಿಂತಾಗ, ನಮ್ಮ ಹಿಂದಿನ ಸ್ಥಪತಿಗಳು ಎರಡು ವಸ್ತುಗಳು ಸೇರುವ ತಾಣದ ವಿಷಯದಲ್ಲಿ ಎಷ್ಟು ಎಚ್ಚರದಿಂದ ಇದ್ದರೆಂಬುದು ಮನವರಿಕೆಯಾಗುವುದು. ಕಂಬ ಮುರಿಯುವುದು ಅಪರೂಪ, ತೊಲೆ ಮುರಿಯುವುದೂ ಅಪರೂಪ. ಕಂಬವೂ ತೊಲೆಯೂ ಸೇರುವ ಸಂಧಿಯೇ ಬಹುಮಟ್ಟಿಗೆ ಮೊದಲು ಸಡಿಲುವುದು. ಆದುದರಿಂದ ಒಂದು ಪ್ರಾಂತದ ಕಟ್ಟಡಗಳ ಚರಿತ್ರೆಯನ್ನು ಅರಿಯಲೆಳಸುವವನು ಗೋಪುರಗಳ ಎತ್ತರವನ್ನು ಅಳೆಯುವುದರ ಜೊತೆಗೆ, ಅಲ್ಲಿಯ ಜನರು ಕಲ್ಲಿಗೆ ಕಲ್ಲನ್ನೂ ಮರಕ್ಕೆ ಮರವನ್ನೂ ಯಾವ ಉಪಾಯದಿಂದ ಹಿಡಿದು ನಿಲ್ಲಿಸಿದರೆಂಬುದನ್ನೂ ವಿಚಾರಿಸಬೇಕಾಗುತ್ತದೆ.

ಈ ವಿಚಾರಕ್ಕೆ ಇಂದು ಪ್ರೇರಕವಾಗುವ ವಸ್ತು ಅತಿ ಸಾಮಾನ್ಯವಾದದ್ದು. ಕೊಳ್ಳೇಗಾಲದ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ, ಒಂದು ಮೂಲೆಯಲ್ಲಿ ಗೋಡೆಗೆ ಒರಗಿಸಿದ ಸರಳುಗಳ ಕಟ್ಟೊಂದು ಕಾಣುವುದು. ತುದಿಯಿಂದ ತುದಿಯವರೆಗೆ ತಿರುಪು ಕೊರೆದ, ಒಂದು ಮೀಟರು ಅಥವಾ ಅದಕ್ಕಿಂತ ಉದ್ದನೆಯ ಆ ಸರಳನ್ನು ಮೇಸ್ತ್ರಿಗಳೂ ಫಿಟ್ಟರುಗಳೂ ಥ್ರೆಡ್ ರಾಡ್ ಎನ್ನುತ್ತಾರೆ. ಶೀಟಿನ ಛಾವಣಿ ಹೊದಿಸುವವನು, ನೀರಿನ ಪೈಪನ್ನು ಸೂರಿನಿಂದ ತೂಗುಹಾಕುವವನು, ಪಂಪುಸೆಟ್ಟನ್ನು ಕಾಂಕ್ರೀಟಿನ ಪೀಠಕ್ಕೆ ಬಿಗಿಯುವವನು, ಬಿರುಕುಬಿಟ್ಟ ಹಳೆಯ ಗೋಡೆಯನ್ನು ಎಳೆದು ಹಿಡಿಯಬೇಕೆನ್ನುವವನು, ಎಲ್ಲರೂ ಅದನ್ನೇ ಕೊಂಡು ಬೇಕಾದಷ್ಟು ಉದ್ದಕ್ಕೆ ಕುಯ್ದುಕೊಳ್ಳುವರು. ಇಷ್ಟು ಸುಲಭವಾಗಿ ದೊರೆಯುವ ಪದಾರ್ಥಕ್ಕೆ ಚರಿತ್ರೆಯೇನು ಇದ್ದೀತೆಂದು ತೋರುವುದು ಸಹಜ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಈ ಸರಳು ಕಾಲಿಡುವುದಕ್ಕೆ ಮೊದಲು ಏನೇನಿತ್ತು, ಅದು ಬಂದ ಮೇಲೆ ಏನು ಬದಲಾಯಿತು ಎಂಬುದನ್ನು ಅರಿತವನಿಗಲ್ಲದೆ ಸರಿಯಾದ ಸರಳನ್ನು ಆರಿಸುವ ವಿವೇಕ ಪೂರ್ಣವಾಗಿ ಬಾರದೆಂಬುದು ನನ್ನ ನಂಬಿಕೆ.

ಈ ಮೂರು ಊರುಗಳು ನೆರೆಹೊರೆಯಲ್ಲಿದ್ದರೂ ಬಹುಕಾಲ ಎರಡು ಸರ್ಕಾರಗಳ ಅಧೀನದಲ್ಲಿದ್ದವು. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೊಳ್ಳೇಗಾಲದ ಸೀಮೆಯು ಇಂಗ್ಲಿಷರ ಪಾಲಿಗೆ ಹೋಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು; ಹನೂರು ಇತ್ತೀಚಿನವರೆಗೂ ಕೊಳ್ಳೇಗಾಲ ತಾಲ್ಲೂಕಿನ ಭಾಗವೇ ಆಗಿದ್ದುದರಿಂದ ಅದರ ಗತಿಯೂ ಅದೇ ಆಯಿತು. ಯಳಂದೂರಾದರೋ ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಹೀಗೆ ನಡುವೆ ಗಡಿಯೊಂದು ಹಾದುಹೋದ ಸೀಮೆಯಲ್ಲಿ ಸೇತುವೆಗೆ ಬಂದ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಪೂರ್ಣಯ್ಯನವರು 1804ರ ವೇಳೆಗೆ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ವೆಲ್ಲೆಸ್ಲಿಯ ಹೆಸರಿನ ಸೇತುವೆಯನ್ನು ಕಟ್ಟಿಸಿದಾಗ ಅನುಸರಿಸಿದ್ದು ಕಲ್ಲಿನ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆಗಲ್ಲು ಎಂಬ ನಮ್ಮ ದೇವಾಲಯಗಳ ಹಳೆಯ ಕ್ರಮವನ್ನೇ. ಅದೇ ಕ್ರಮದಲ್ಲಿ, ಕೆಲವು ವರ್ಷಗಳ ತರುವಾಯ, ಮೈಸೂರು ರೆಸಿಡೆಂಟರ ನಂಬುಗೆಗೆ ಪಾತ್ರನಾಗಿದ್ದ ರಾಮಸ್ವಾಮಿ ಮೊದಲಿಯಾರನು ಶಿವನಸಮುದ್ರದ ದ್ವೀಪವನ್ನು ಎರಡು ದಡಗಳಿಗೂ ಸೇರಿಸುವ ಸೇತುವೆಗಳನ್ನು ಎತ್ತಿಸಿದನು. ಹಾಳುಬಿದ್ದು ಕಾಡು ಬೆಳೆದಿದ್ದ ದ್ವೀಪಕ್ಕೆ ದಾರಿ ಮಾಡಿಕೊಟ್ಟುದಕ್ಕಾಗಿ ಎರಡು ಸರ್ಕಾರಗಳೂ ಅವನಿಗೆ ಗ್ರಾಮಗಳನ್ನು ಜಹಗೀರಾಗಿ ಬಿಟ್ಟುಕೊಟ್ಟವು. 'ಜನೋಪಕಾರ ಕಾಮಕರ್ತ' ಎಂಬ ಬಿರುದೂ ಬಂದಿತು. ಸೇತುವೆಗಳಿಗೆ ವೆಲ್ಲೆಸ್ಲಿ, ಲಷಿಂಗ್ಟನ್ ಎಂಬ ಆಳುವವರ ಹೆಸರುಗಳನ್ನಿಟ್ಟರೂ, ಅವುಗಳ ಕಟ್ಟಡದ ರೀತಿಯಲ್ಲಿ ಮಾತ್ರ ಸೀಮೆಯಿಂದಾಚೆಯ ಛಾಯೆ ಯಾವುದೂ ಇರಲಿಲ್ಲ.

ಶಿವನಸಮುದ್ರದ ಆ ಸೇತುವೆಗಳಲ್ಲಿ ಸತ್ತೇಗಾಲದ ಬಳಿಯದರ ರಚನೆಯನ್ನು ಕೊಂಚ ನಿಧಾನವಾಗಿ ಗಮನಿಸಬೇಕು. ನದೀಪಾತ್ರದ ಬಂಡೆಯ ಮೇಲೆಯೇ ನೆಲೆಗೊಳಿಸಿದ, ಉಳಿಯಿಂದ ಒಪ್ಪವಿಟ್ಟ ಕಂಬಗಳ ಸಾಲುಗಳು. ಕಂಬಗಳ ತಲೆಯ ಮೇಲೆ ಅಡ್ಡಲಾಗಿ ಕುಳಿತ ತೊಲೆಗಲ್ಲುಗಳು. ಅವುಗಳ ಮೇಲೆ ದಾರಿಯನ್ನು ಹೊತ್ತ ಹಾಸುಗಲ್ಲುಗಳು. ಒಂದನ್ನು ಇನ್ನೊಂದಕ್ಕೆ ಎಳೆದು ಬಿಗಿಯುವ ಉಪಕರಣವಿಲ್ಲದೆ, ಮೇಲಿನ ಕಲ್ಲಿನ ಭಾರವೇ ಕೆಳಗಿನ ಕಲ್ಲನ್ನು ಅದರ ಸ್ಥಾನದಲ್ಲಿ ಒತ್ತಿ ಹಿಡಿದಿರುವುದು ಈ ಕ್ರಮದ ಜೀವಾಳ. ಕಲ್ಲು ಒತ್ತಡವನ್ನು ಅಪಾರವಾಗಿ ಸಹಿಸುತ್ತದೆ, ಎಳೆತವನ್ನು ಮಾತ್ರ ಅಷ್ಟಾಗಿ ಸಹಿಸದು. ಈ ಸ್ವಭಾವವನ್ನು ಬಲ್ಲ ನಮ್ಮ ಕಲ್ಲುಕುಟಿಗರು ಎಳೆತ ಆದಷ್ಟು ಕಡಿಮೆ ಹುಟ್ಟುವಂತಹ ಕಟ್ಟಡಗಳನ್ನು ಕಟ್ಟಿದರು. ಗಾಡಿಗಳು ಹೋದುವು, ಪ್ರವಾಹಗಳು ಬಂದು ಇಳಿದುವು, ಜಹಗೀರು ಕೊಟ್ಟ ಸರ್ಕಾರಗಳೆರಡೂ ಕಾಲಗರ್ಭವನ್ನು ಸೇರಿದುವು; ಸೇತುವೆ ತನ್ನ ಭಾರದ ಬಲದಿಂದಲೇ ನಿಂತಿತ್ತು.

ಕಲ್ಲಿಗೆ ಒದಗಿದ ಈ ನ್ಯಾಯ ಮರಕ್ಕೆ ಒದಗದು. ಮರವು ಮಳೆಗೆ ಹಿಗ್ಗುವುದು, ಬೇಸಗೆಗೆ ಕುಗ್ಗುವುದು. ಆದಕಾರಣ ಬಡಗಿಗೆ ಬೇರೆಯೇ ಉಪಾಯಗಳು ಬೇಕಾದುವು. ಬಿಳಿಗಿರಿರಂಗನ ಬೆಟ್ಟದ ಮತ್ತು ಮಹದೇಶ್ವರ ಬೆಟ್ಟದ ಸೋಲಿಗರು ತಮ್ಮ ಪೋಡುಗಳಲ್ಲಿ ಬಿದಿರನ್ನು ಬಳ್ಳಿಯಿಂದಲೂ ನಾರಿನಿಂದಲೂ ಬಿಗಿದು ಗುಡಿಸಲು ಕಟ್ಟಿಕೊಂಡರು. ಬಯಲಿನ ಊರುಗಳ ತೊಟ್ಟಿಮನೆಗಳಲ್ಲಿ ತೊಲೆಯ ತುದಿಯನ್ನು ಸಪುರವಾಗಿ ಕೆತ್ತಿ, ಕಂಬದ ರಂಧ್ರಕ್ಕೆ ಹೊಗಿಸಿ, ಅಡ್ಡಲಾಗಿ ಗೂಟ ಹೊಡೆದು, ಸಡಿಲವಾದಾಗ ಬೆಣೆಯನ್ನು ಮತ್ತೊಂದು ಪೆಟ್ಟು ಇಳಿಸುವ ಪದ್ಧತಿ ಇತ್ತು. ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಜಾರದಂತೆ ಕಾಯುತ್ತಿದ್ದುದು ಒಂದು ಕಡಾಣಿ. ಆ ಚಕ್ರದ ಮರಗಳನ್ನೆಲ್ಲ ಒಗ್ಗೂಡಿಸುತ್ತಿದ್ದುದು, ಕುಲುಮೆಯ ಬೆಂಕಿಯಲ್ಲಿ ಕೆಂಪಗೆ ಕಾದು ಹಿಗ್ಗಿದ ಸ್ಥಿತಿಯಲ್ಲಿ ತೊಡಿಸಿ ಕೂಡಲೇ ನೀರೆರೆದು ಕುಗ್ಗಿಸಿದ ಕಬ್ಬಿಣದ ಪಟ್ಟೆ. ಕೊಳ್ಳೇಗಾಲದ ನೇಯ್ಗೆಯವರು ಕುಣಿಮಗ್ಗದಲ್ಲಿ ಹಾಸಿನ ಬಿಗಿಯನ್ನು ಹಗ್ಗ ಗೂಟಗಳಿಂದ ಸರಿಪಡಿಸಿಕೊಳ್ಳುತ್ತಿದ್ದರು; ಕೈಬೆರಳಿನ ತುದಿಗೆ ತಿಳಿದ ಆ ಬಿಗಿಗೆ ಅಳತೆಯ ಹೆಸರಿರಲಿಲ್ಲ. ಹಗ್ಗ, ಬೆಣೆ, ಗೂಟ, ಕಾದ ಪಟ್ಟೆ, ಇವೆಲ್ಲವೂ ಎಳೆತವನ್ನು ಹುಟ್ಟಿಸಿ ಉಳಿಸಿಕೊಳ್ಳುವ ಸಾಧನಗಳೇ. ಆದರೆ ಇವುಗಳಲ್ಲಿ ಎರಡು ಕೊರತೆಗಳಿದ್ದವು. ಬಿಗಿಯನ್ನು ಕೂದಲೆಳೆಯಷ್ಟು ಹೆಚ್ಚಿಸುವುದು, ಕೂದಲೆಳೆಯಷ್ಟು ಇಳಿಸುವುದು ಸಾಧ್ಯವಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಬ್ಬ ಬಡಗಿ ಕೆತ್ತಿದ ಗೂಟ ಅವನೇ ಕೊರೆದ ರಂಧ್ರಕ್ಕೆ ಹೊಂದುತ್ತಿತ್ತಲ್ಲದೆ, ಪಕ್ಕದೂರಿನ ಬಡಗಿಯ ರಂಧ್ರಕ್ಕೆ ಹೊಂದುತ್ತಿರಲಿಲ್ಲ.

ಹಾಗಾದರೆ ತಿರುಪು ನಮ್ಮವರಿಗೆ ಅಜ್ಞಾತವಾಗಿತ್ತೇ ಎಂದರೆ, ಹಾಗೇನೂ ಇಲ್ಲ. ಭಾರತದಲ್ಲಿ ಹತ್ತಿಯಿಂದ ಬೀಜವನ್ನು ಬಿಡಿಸುತ್ತಿದ್ದ ಜೋಡಿ ಉರುಳೆಗಳ ರಾಟೆಯಲ್ಲಿ, ಉರುಳೆಗಳ ತುದಿಗೆ ಸುರುಳಿಯಾಗಿ ಕೊರೆದ ಮರದ ತಿರುಪುಗಳು ಒಂದಕ್ಕೊಂದು ಕಚ್ಚಿಕೊಂಡು, ಒಂದು ಉರುಳೆ ತಿರುಗಿದರೆ ಮತ್ತೊಂದು ಎದುರು ದಿಕ್ಕಿನಲ್ಲಿ ತಿರುಗುವಂತೆ ಮಾಡುತ್ತಿದ್ದವು. ಕಬ್ಬನ್ನು ಹಿಂಡುವ ಮರದ ಗಾಣಗಳಲ್ಲಿಯೂ ಇದೇ ಉಪಾಯ ಬಳಕೆಯಲ್ಲಿತ್ತು. ಚಲನೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಕಾರ್ಯದಲ್ಲಿ ತಿರುಪನ್ನು ಇಷ್ಟು ಚೆನ್ನಾಗಿ ಬಳಸಿದ ಜನ, ಎರಡು ವಸ್ತುಗಳನ್ನು ಹಿಡಿದು ನಿಲ್ಲಿಸುವ ಕಾರ್ಯಕ್ಕೆ ಅದನ್ನು ಬಳಸದಿದ್ದುದು ಕುತೂಹಲಕರವಾದ ಸಂಗತಿ. ಕಾರಣವನ್ನು ಹುಡುಕುವುದು ಕಷ್ಟವಲ್ಲ. ಕೈಯಿಂದ ಕೊರೆದ ಪ್ರತಿಯೊಂದು ತಿರುಪೂ ತನ್ನಂತೆ ತಾನೇ ಆಗಿದ್ದು, ಅದಕ್ಕೆ ಹೊಂದುವ ನಟ್ಟನ್ನು ಅದಕ್ಕೆಂದೇ ಬೇರೆಯಾಗಿ ಕೊರೆಯಬೇಕಾಗಿದ್ದ ಕಾಲದಲ್ಲಿ, ಅಷ್ಟು ಶ್ರಮಕ್ಕಿಂತ ಒಂದು ಬೆಣೆಯನ್ನು ಬಡಿಯುವುದೇ ಲೇಸೆಂದು ಯಾವ ಬುದ್ಧಿವಂತ ಕುಶಲಕರ್ಮಿಯೂ ತೀರ್ಮಾನಿಸುತ್ತಿದ್ದನು.

ಯೂರೋಪಿನಲ್ಲಿಯೂ ಸ್ಥಿತಿ ಬಹುಕಾಲ ಹೀಗೆಯೇ ಇತ್ತು. ದ್ರಾಕ್ಷಿಯನ್ನು ಹಿಂಡುವ ಯಂತ್ರಕ್ಕೂ, ತರುವಾಯ ಅಚ್ಚಿನ ಯಂತ್ರಕ್ಕೂ ದೊಡ್ಡ ಮರದ ತಿರುಪುಗಳನ್ನು ಬಳಸಿದ ಅವರಲ್ಲಿ, ಕಬ್ಬಿಣದ ಬೋಲ್ಟುಗಳು ಗಡಿಯಾರ, ಕವಚ, ಬಂದೂಕುಗಳ ದುಬಾರಿ ಲೋಕದಲ್ಲಿಯೇ ಹೆಚ್ಚಾಗಿ ಸುಳಿಯುತ್ತಿದ್ದವು. ಲಂಡನ್ನಿನ ಹೆನ್ರಿ ಮಾಡ್ಸ್‌ಲೆ 1800ರ ಸುಮಾರಿಗೆ ತಿರುಪು ಕೊರೆಯುವ ಲೇತನ್ನು ಪರಿಷ್ಕರಿಸಿ, ಒಂದೇ ತೆರನಾದ ತಿರುಪುಗಳನ್ನು ಎಷ್ಟಾದರೂ ಕೊರೆಯಬಹುದೆಂಬುದನ್ನು ತೋರಿಸಿಕೊಟ್ಟನು. ಅವನಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್ವರ್ತ್ 1841ರಲ್ಲಿ, ಎಲ್ಲ ಕಾರ್ಖಾನೆಗಳೂ ಒಂದೇ ಕೋನದ, ದಪ್ಪ ದಪ್ಪಕ್ಕೂ ಇಂಚಿಗೆ ಇಷ್ಟೇ ಸುತ್ತಿನ ತಿರುಪುಗಳನ್ನು ಕೊರೆಯಬೇಕೆಂದು ಸೂಚಿಸಿ, 55 ಡಿಗ್ರಿಯ ಕೋನವನ್ನು ಗೊತ್ತುಪಡಿಸಿದನು. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ ಕೊರೆಯಲು ಇನ್ನೂ ಸುಲಭವಾದ 60 ಡಿಗ್ರಿಯ ತಿರುಪನ್ನು ಮುಂದಿಟ್ಟನು. ಯೂರೋಪಿನ ಭೂಖಂಡದವರು 1898ರಲ್ಲಿ ಜೂರಿಕ್ ನಗರದಲ್ಲಿ ಸಭೆ ಸೇರಿ ಮಿಲಿಮೀಟರಿನ ತಿರುಪಿಗೆ ನಿಯಮ ಮಾಡಿದರು. ಒಬ್ಬರನ್ನೊಬ್ಬರು ಎಂದೂ ಕಾಣದ ಇಬ್ಬರು ಕೆಲಸಗಾರರು, ಒಬ್ಬನು ಬೋಲ್ಟನ್ನೂ ಇನ್ನೊಬ್ಬನು ನಟ್ಟನ್ನೂ ಮಾಡಿ, ಅವೆರಡೂ ಮೂರನೆಯವನ ಕೈಯಲ್ಲಿ ಒಂದಾಗುವ ವ್ಯವಸ್ಥೆ ಹೀಗೆ ಲೋಕಕ್ಕೆ ಬಂದಿತು. ಥ್ರೆಡ್ ರಾಡಿನ ನಿಜವಾದ ಮಹಿಮೆ ಇರುವುದು ಇಲ್ಲಿ. ಅದರ ಕಬ್ಬಿಣಕ್ಕಿಂತ ಅದರ ಹಿಂದಿನ ಒಪ್ಪಂದ ದೊಡ್ಡದು.

ಆ ಒಪ್ಪಂದದ ಫಲ ನಮ್ಮ ಸೀಮೆಯ ಹೊಸ್ತಿಲಿಗೆ ಮಹಾಪ್ರಮಾಣದಲ್ಲಿ ಬಂದು ಇಳಿದುದು ಶಿವನಸಮುದ್ರದ ವಿದ್ಯುದಾಗಾರದ ರೂಪದಲ್ಲಿ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಉತ್ಸಾಹದಿಂದಲೂ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಯೋಜನೆಯಿಂದಲೂ ಸಿದ್ಧವಾದ ಆ ಕೇಂದ್ರದಿಂದ, 1902ರ ಜೂನ್ 30ರಂದು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯತೊಡಗಿತು. ನೀರಿನ ಚಕ್ರಗಳು ಜೂರಿಕ್ಕಿನ ಎಷರ್ ವಿಸ್ ಕಾರ್ಖಾನೆಯವು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು. ಅವನ್ನು ನಿಲ್ಲಿಸಿದ ನಾಡಿನ ಕಾರ್ಖಾನೆಗಳಲ್ಲಿ ರೂಢಿಯಾಗಿದ್ದ ಅಳತೆ ವಿಟ್ವರ್ತನದು. ಮೂರು ದೇಶಗಳ ಮೂರು ತಿರುಪುಗಳ ಸಂಪ್ರದಾಯಗಳು ಕಾವೇರಿಯ ಒಂದೇ ಕೊಳ್ಳದಲ್ಲಿ ಸಂಧಿಸಿದುವೆನ್ನಬಹುದು. ಒಂದೊಂದೂ 720 ಕಿಲೋವಾಟಿನ ಆರು ಯಂತ್ರಗಳನ್ನು ಬಂಡೆಯ ಬುಡದ ಪೀಠಗಳ ಮೇಲೆ ಅಲುಗದಂತೆ ನಿಲ್ಲಿಸಬೇಕಾದಾಗ ಕೇವಲ ಭಾರವನ್ನು ನೆಚ್ಚುವ ಹಳೆಯ ಕ್ರಮ ಸಾಲದು. ಸುತ್ತುವ ಯಂತ್ರ ತನ್ನನ್ನು ತಾನೇ ಸದಾ ಅಲುಗಿಸುವುದು. ಪೀಠದೊಳಗೆ ಹುಗಿದ ತಿರುಪುಸರಳುಗಳಿಗೆ ನಟ್ಟು ತೊಡಿಸಿ, ತಳವನ್ನು ಕೂದಲೆಳೆಯಷ್ಟು ಎತ್ತಿ ಇಳಿಸಿ ಮಟ್ಟ ಮಾಡಿ, ಅನಂತರ ಬಿಗಿದು ಹಿಡಿಯುವುದೇ ಇಂತಹ ಯಂತ್ರಗಳ ಸ್ಥಾಪನೆಯ ಕ್ರಮ. ಕೆಲವೇ ಮೈಲಿನ ಅಂತರದಲ್ಲಿ, ಒಂದು ಕಡೆ ಭಾರದಿಂದ ನಿಂತ ಸತ್ತೇಗಾಲದ ಸೇತುವೆ, ಇನ್ನೊಂದು ಕಡೆ ಎಳೆತದಿಂದ ನಿಂತ ವಿದ್ಯುದಾಗಾರ; ಕಟ್ಟುವಿಕೆಯ ಎರಡು ಯುಗಗಳು ಒಂದೇ ನದಿಯ ನೀರಿನಲ್ಲಿ ಮುಖ ನೋಡಿಕೊಂಡುವು.

ಹಳ್ಳಿಗಳಿಗೆ ತಿರುಪು ತಲುಪಿದ ದಾರಿ ಇದಕ್ಕಿಂತ ಮೌನವಾದದ್ದು. ಕೆರೆಯ ತೂಬಿನ ನಿದರ್ಶನವನ್ನು ನೋಡಬಹುದು. ಸುವರ್ಣಾವತಿಯ ಕಣಿವೆಯಲ್ಲಿಯೂ ಹನೂರಿನ ಗುಡ್ಡಗಳ ಬುಡದಲ್ಲಿಯೂ ಇರುವಂತಹ ಕೆರೆಗಳಲ್ಲಿ, ನೀರಿನ ನಡುವೆ ನಿಲ್ಲಿಸಿದ ಎರಡು ಕಲ್ಲುಕಂಬಗಳ ಮಧ್ಯದ ಅಡ್ಡಗಲ್ಲಿನ ರಂಧ್ರದ ಮೂಲಕ ಉದ್ದನೆಯ ಮರವೊಂದನ್ನು ಇಳಿಸಿ, ಅದರ ತುದಿಯ ಬಿರಡೆಯಿಂದ ತಳದ ಕಂಡಿಯನ್ನು ಮುಚ್ಚುವುದು ಪೂರ್ವಕಾಲದ ಪದ್ಧತಿ. ನೀರುಗಂಟಿಯು ಈಜಿ ಹೋಗಿ ಆ ಮರವನ್ನು ಎತ್ತಬೇಕಾಗಿತ್ತು. ಎಷ್ಟು ಎತ್ತಿದರೆ ಎಷ್ಟು ಗದ್ದೆಗೆ ನೀರು ಹೋದೀತೆಂಬುದು ಅವನ ಅಂದಾಜಿಗೆ ಬಿಟ್ಟ ವಿಷಯ. ಆಧುನಿಕ ತೂಬುಗಳಲ್ಲಿಯಾದರೋ ಏರಿಯ ಮೇಲೆ ನಿಂತು ಚಕ್ರವನ್ನು ತಿರುಗಿಸಿದರೆ, ದಪ್ಪನಾದ ತಿರುಪುಸರಳೊಂದು ಮೆಲ್ಲಮೆಲ್ಲನೆ ಮೇಲೇರಿ ಕಬ್ಬಿಣದ ಬಾಗಿಲನ್ನು ಬೇಕಾದಷ್ಟೇ ಎತ್ತುವುದು. ನೀರಿನ ಒತ್ತಡ ಎಷ್ಟೇ ಇದ್ದರೂ ಬಾಗಿಲು ತಾನಾಗಿ ಕೆಳಗೆ ಜಾರದು; ಸುತ್ತಿನ ಇಳಿಜಾರು ಬಹಳ ಅಲ್ಪವಾಗಿರುವುದರಿಂದ ಘರ್ಷಣೆಯೇ ಅದನ್ನು ತಡೆದು ನಿಲ್ಲಿಸುವುದು. ನಟ್ಟು ಬಿಗಿದಲ್ಲಿಯೇ ನಿಲ್ಲುವುದೂ ಇದೇ ಕಾರಣದಿಂದ. ತೂಬಿನ ಸರಳನ್ನು ತಿರುಗಿಸಿದ ನೀರುಗಂಟಿ ಥ್ರೆಡ್ ರಾಡಿನ ಮೂಲತತ್ತ್ವವನ್ನು ಪಾಠವಿಲ್ಲದೆ ಕಲಿತನು.

ಕಬ್ಬಿಣದ ಸರಬರಾಜಿನ ವಿಷಯದಲ್ಲಿಯೂ ಎರಡು ಮಾತು ಹೇಳಬೇಕು. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. 1926ರಲ್ಲಿ ರೈಲು ಚಾಮರಾಜನಗರದವರೆಗೆ ಬಂದು ನಿಂತಿತು. ಕೊಳ್ಳೇಗಾಲಕ್ಕೆ ರೈಲು ಇಂದಿಗೂ ಬಂದಿಲ್ಲವಾದ್ದರಿಂದ, ಸರಳು, ತಗಡು, ಮೊಳೆಗಳೆಲ್ಲ ಗಾಡಿಗಳಲ್ಲಿಯೂ ಅನಂತರ ಲಾರಿಗಳಲ್ಲಿಯೂ ಬಂದು ಇಳಿಯಬೇಕಾಯಿತು. 1956ರ ವರ್ಷ ಮಾತ್ರ ಈ ಸೀಮೆಗೆ ಎರಡು ಬಗೆಯಲ್ಲಿ ಸ್ಮರಣೀಯ. ಆ ವರ್ಷದ ನವೆಂಬರ್ 1ರಂದು ಕೊಳ್ಳೇಗಾಲವು ಮದರಾಸು ರಾಜ್ಯದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯವನ್ನು ಸೇರಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಭಾರತದ ಸಂಸತ್ತು ತೂಕ ಅಳತೆಗಳ ಶಾಸನವನ್ನು ಅಂಗೀಕರಿಸಿ, ದೇಶವನ್ನು ಮೆಟ್ರಿಕ್ ಕ್ರಮದ ಕಡೆಗೆ ತಿರುಗಿಸಿತು. ರಾಜ್ಯದ ಗಡಿ ಒಂದು ರಾತ್ರಿಯಲ್ಲಿ ಅಳಿಸಿಹೋಯಿತು. ಅಳತೆಯ ಗಡಿ ಹಾಗೆ ಅಳಿಸಲಿಲ್ಲ. ಕಟ್ಟಿ ನಿಲ್ಲಿಸಿದ ಹಂಚಿನ ಶಾಲೆಗಳ ಛಾವಣಿಯ ಕೈಮರಗಳಲ್ಲಿಯೂ, ಹಳೆಯ ಪಂಪುಗಳಲ್ಲಿಯೂ, ಮಗ್ಗಗಳಲ್ಲಿಯೂ ಇಂಚಿನ ಬೋಲ್ಟುಗಳು ಕುಳಿತಿದ್ದವು. ಹೊಸದಾಗಿ ಬಂದವುಗಳಲ್ಲಿ ಮಿಲಿಮೀಟರಿನವು. ಇಂದಿಗೂ ಅಂಗಡಿಯ ಮೂಲೆಯಲ್ಲಿ ಎರಡು ಕುಲದ ಸರಳುಗಳೂ ಅಕ್ಕಪಕ್ಕದಲ್ಲಿ ಒರಗಿರುವುದು ಈ ಇತಿಹಾಸದ ಶೇಷ.

ಅಂಗಡಿಯಲ್ಲಿ ನಡೆಯುವ ಮಾತುಕತೆಯೂ ಆ ಇತಿಹಾಸವನ್ನೇ ಪುನಃ ಹೇಳುವುದು. ಮೇಸ್ತ್ರಿಯೊಬ್ಬನು ಬಂದು, "ಅರ್ಧ ಇಂಚಿನ ಥ್ರೆಡ್ ರಾಡ್ ಎರಡು ಕೊಡಿ ಅಣ್ಣ" ಎಂದರೆ, ಅನುಭವಸ್ಥನಾದ ಅಂಗಡಿಯವನು ಕೂಡಲೇ ಕಟ್ಟಿಗೆ ಕೈಹಾಕದೆ, "ಹಳೇದಕ್ಕೆ ಹಾಕೋದಾ, ಹೊಸದಕ್ಕಾ ಮೇಸ್ತ್ರಿ? ಹಳೇ ನಟ್ಟು ತಂದಿದ್ರೆ ಕೊಡಿ ನೋಡಾವ" ಎನ್ನುವನು. ಈ ಪ್ರಶ್ನೆಯಲ್ಲಿ ವಿವೇಕವಿದೆ. ಅರ್ಧ ಇಂಚಿನ ವಿಟ್ವರ್ತ್ ತಿರುಪಿನಲ್ಲಿ ಇಂಚಿಗೆ 12 ಸುತ್ತುಗಳು. ಅದೇ ದಪ್ಪದ ಅಮೆರಿಕನ್ ತಿರುಪಿನಲ್ಲಿ 13. ಅರ್ಧ ಇಂಚೆಂದರೆ 12.7 ಮಿಲಿಮೀಟರು, ಅದರ ನೆರೆಯವನಾದ 12 ಮಿಲಿಮೀಟರಿನ ಸರಳಿನಲ್ಲಿ ಸುತ್ತಿನಿಂದ ಸುತ್ತಿಗೆ 1.75 ಮಿಲಿಮೀಟರು ಅಂತರ, ವಿಟ್ವರ್ತಿನಲ್ಲಾದರೆ 2.1ಕ್ಕೂ ಮಿಗಿಲು. ಕಣ್ಣಿಗೆ ಇವು ಅಣ್ಣತಮ್ಮಂದಿರಂತೆ ಕಾಣುವುವು; ನಟ್ಟು ಒಂದೆರಡು ಸುತ್ತು ಸರಾಗವಾಗಿ ಹೋಗಿ, ಮೂರನೆಯದರಲ್ಲಿ ಕಚ್ಚಿಕೊಳ್ಳುವುದು. ಆಗ ಸ್ಪ್ಯಾನರಿನಿಂದ ಬಲವಂತ ಮಾಡಿದರೆ ಎರಡರ ತಿರುಪೂ ಕೆಡುವುದು, ಅಥವಾ ದೊಗಳೆಯಾದ ನಟ್ಟು ಬಿಗಿದಂತೆ ನಟಿಸಿ, ಭಾರ ಬಿದ್ದ ದಿನ ಜಾರುವುದು. ಹಳೆಯ ನಟ್ಟನ್ನು ಬೆರಳಿನಿಂದಲೇ ಹೊಸ ಸರಳಿನ ಮೇಲೆ ನಟ್ಟಿನ ಪೂರ್ಣ ದಪ್ಪದಷ್ಟು ತಿರುಗಿಸಿ ನೋಡುವುದಕ್ಕಿಂತ ಉತ್ತಮವಾದ ಪರೀಕ್ಷೆ ಅಂಗಡಿಯಲ್ಲಿ ಬೇರೊಂದಿಲ್ಲ.

ತಿರುಪಿನ ಕುಲ ನಿಶ್ಚಯವಾದ ಮೇಲೆ ದಪ್ಪದ ವಿಚಾರ. ಸರಳಿನ ಹೊರಗಿನ ದಪ್ಪವನ್ನು ನೋಡಿ ಬಲವನ್ನು ಅಳೆಯುವುದು ಲೋಕರೂಢಿಯ ತಪ್ಪು. ಭಾರವನ್ನು ಹೊರುವುದು ಸುತ್ತುಗಳ ಬುಡದಲ್ಲಿ ಉಳಿದ ತಿರುಳು. 12 ಮಿಲಿಮೀಟರಿನ ನಯಸರಳಿನ ಕೊಯ್ತದ ವಿಸ್ತೀರ್ಣ 113 ಚದರ ಮಿಲಿಮೀಟರು; ತಿರುಪು ಕೊರೆದುದರಲ್ಲಿ ಲೆಕ್ಕಕ್ಕೆ ಬರುವುದು 84 ಮಾತ್ರ. ಅದರ ಉಕ್ಕು 4.6 ಎಂಬ ಸಾಧಾರಣ ದರ್ಜೆಯದಾಗಿದ್ದರೆ, ಸುಮಾರು ಎರಡು ಟನ್ನಿನ ಎಳೆತಕ್ಕೆ ಅದು ಹಿಂತಿರುಗದಂತೆ ಉದ್ದವಾಗತೊಡಗುವುದು, 8.8 ದರ್ಜೆಯದಾದರೆ ಐದು ಟನ್ನನ್ನು ದಾಟಿದ ಮೇಲೆ. ದರ್ಜೆಯ ಗುರುತಿನಲ್ಲಿ ಮೊದಲ ಅಂಕವು ಉಕ್ಕು ತುಂಡಾಗುವ ಬಲವನ್ನೂ, ಎರಡನೆಯದು ಅದರ ಎಷ್ಟು ಪಾಲಿಗೆ ಉಕ್ಕು ಸೋಲುವುದೆಂಬುದನ್ನೂ ತಿಳಿಸುತ್ತದೆ. ನಿತ್ಯದ ಬಳಕೆಯ ಭಾರ ಈ ಮಿತಿಗಳಿಗಿಂತ ಬಹಳ ಕೆಳಗಿರಬೇಕೆಂಬುದು ಸ್ಪಷ್ಟ. ಜೊತೆಗೆ, ಥ್ರೆಡ್ ರಾಡ್ ಉದ್ದಕ್ಕೆ ಎಳೆಯುವ ಬಲಕ್ಕೆಂದು ಹುಟ್ಟಿದ ವಸ್ತು. ಎರಡು ಹಲಗೆಗಳು ಅಡ್ಡಡ್ಡಲಾಗಿ ಸರಿಯುವ ಸ್ಥಳದಲ್ಲಿ ಅದರ ಸುತ್ತುಗಳು ರಂಧ್ರವನ್ನು ಗರಗಸದಂತೆ ಕೊರೆಯುವುದರಿಂದ, ಅಲ್ಲಿಗೆ ನಡುವೆ ನಯವಾಗಿರುವ ಬೋಲ್ಟೇ ಯೋಗ್ಯ.

ಇನ್ನು ಸ್ಥಳಧರ್ಮ. ಕೊಳ್ಳೇಗಾಲದ ವಿದ್ಯುತ್ ಮಗ್ಗದ ಮನೆಗಳಲ್ಲಿ ಲಾಳಿಯ ಹೊಡೆತಕ್ಕೆ ಇಡೀ ಚೌಕಟ್ಟು ಹಗಲಿಡೀ ನಡುಗುವುದು. ಅಲ್ಲಿ ದಪ್ಪನಾದ ಸರಳಿಗಿಂತಲೂ, ಒಂದರ ಮೇಲೊಂದು ಬಿಗಿದ ಜೋಡಿ ನಟ್ಟು ಅಥವಾ ನೈಲಾನಿನ ಉಂಗುರವುಳ್ಳ ನಟ್ಟು ಹೆಚ್ಚು ಉಪಕಾರಿ. ಹನೂರಿನ ಕಡೆಯ ಗುಡ್ಡಗಾಡಿನ ಹಳ್ಳಿಗಳಲ್ಲಿ ಮನೆಗಳಿಗೂ ದನದ ಕೊಟ್ಟಿಗೆಗಳಿಗೂ ಶೀಟು ಹೊದಿಸುವವರು ಭಾರವನ್ನು ಕುರಿತು ಯೋಚಿಸುವರೇ ಹೊರತು, ಗಾಳಿಯು ಛಾವಣಿಯನ್ನು ಮೇಲಕ್ಕೆ ಎತ್ತುವುದೆಂಬುದನ್ನು ಮರೆಯುವರು. ಹೆಂಚಿನ ಛಾವಣಿಗೆ ಅದರ ಭಾರವೇ ರಕ್ಷೆಯಾಗಿತ್ತು, ಹಗುರವಾದ ಶೀಟಿಗೆ ಗೋಡೆಯೊಳಗೆ ಆಳಕ್ಕೆ ಇಳಿದ ಸರಳೂ ಅಗಲವಾದ ವಾಷರೂ ರಕ್ಷೆಯಾಗಬೇಕು. ಯಳಂದೂರಿನ ಕಣಿವೆಯ ಗದ್ದೆಬಯಲಿನ ತೇವದಲ್ಲಿ, ಅಂಗಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ತೆಳು ಸತುವಿನ ಲೇಪ ಬಹುಕಾಲ ಬಾಳದು. ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ನೋಟಕ್ಕೆ ಬೂದುಬಣ್ಣದ ಒರಟು ಸರಳು ಅದಕ್ಕಿಂತ ಹಲವು ಮಡಿ ಹೆಚ್ಚು ಕಾಲ ತುಕ್ಕನ್ನು ತಡೆಯುವುದು. ಲೇಪ ದಪ್ಪನಾದುದರಿಂದ ಅದರ ನಟ್ಟನ್ನೂ ಕೊಂಚ ಅಗಲವಾಗಿಯೇ ಕೊರೆದಿರುತ್ತಾರೆ. ಆದ್ದರಿಂದ ಎರಡನ್ನೂ ಜೋಡಿಯಾಗಿಯೇ ಕೊಳ್ಳಬೇಕು. ಕುಯ್ಯುವ ಮುಂಚೆ ಸರಳಿಗೆ ಒಂದು ನಟ್ಟನ್ನು ಏರಿಸಿಟ್ಟುಕೊಂಡು, ಕುಯ್ದ ತುದಿಯನ್ನು ಅರದಿಂದ ಉಜ್ಜಿ, ಅನಂತರ ಆ ನಟ್ಟನ್ನು ಹೊರಕ್ಕೆ ತಿರುಗಿಸಿ ತೆಗೆದರೆ, ಕೆಟ್ಟ ಸುತ್ತುಗಳನ್ನು ಅದೇ ನೆಟ್ಟಗೆ ಮಾಡಿಕೊಡುವುದೆಂಬ ಫಿಟ್ಟರುಗಳ ಉಪಾಯವೂ ನೆನಪಿಡತಕ್ಕದ್ದು.

ಇಲ್ಲಿಯವರೆಗಿನದು ಹೊಸ ಕಟ್ಟಡದ ಮಾತಾಯಿತು; ಹಳೆಯದರ ದುರಸ್ತಿಯಲ್ಲಿ ಇನ್ನೂ ಸೂಕ್ಷ್ಮವಾದ ಧರ್ಮವೊಂದಿದೆ. 2018ರ ಆಗಸ್ಟಿನಲ್ಲಿ ಕಾವೇರಿಗೆ ಬಂದ ಪ್ರವಾಹದಲ್ಲಿ ಸತ್ತೇಗಾಲದ ಬಳಿಯ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕುಸಿದು ಕೊಚ್ಚಿಹೋಯಿತು. ನೀರಿನಲ್ಲಿ ಮುಳುಗಿದ ಕರಿಕಲ್ಲು ತನ್ನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುವುದರಿಂದ, ಭಾರವನ್ನೇ ನೆಚ್ಚಿ ನಿಂತ ಕಟ್ಟಡಕ್ಕೆ ಮೇಲೇರಿ ಬಂದ ಪ್ರವಾಹವೇ ಪರಮ ಪರೀಕ್ಷೆ. ಇಂತಹ ಸಂದರ್ಭಗಳಲ್ಲಿ, ಕಲ್ಲಿಗೆ ಕಲ್ಲನ್ನು ಉಕ್ಕಿನ ಸರಳಿನಿಂದ ಪೋಣಿಸಿ ರಾಸಾಯನಿಕ ಅಂಟಿನಿಂದ ಭದ್ರಪಡಿಸಿಬಿಡೋಣವೆಂಬ ಸಲಹೆ ಯಾರಿಗಾದರೂ ಸುಲಭವಾಗಿ ಹೊಳೆಯುವುದು. ಆ ಸಲಹೆಗೆ ತಲೆದೂಗುವ ಮೊದಲು ಅಥೆನ್ಸಿನ ಪಾರ್ಥೆನಾನಿನ ಕಥೆಯನ್ನು ಕೇಳಬೇಕು. ಪ್ರಾಚೀನ ಗ್ರೀಕರು ಅಮೃತಶಿಲೆಯ ಖಂಡಗಳನ್ನು ಹಿಡಿಯುವ ಕಬ್ಬಿಣದ ಪಟ್ಟಿಗಳನ್ನು ಸೀಸದಿಂದ ಮುಚ್ಚಿದ್ದರು. 20ನೇ ಶತಮಾನದ ಆದಿಭಾಗದಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದ ನಿಕೋಲಾಸ್ ಬಲಾನೋಸ್ ಆ ಎಚ್ಚರವಿಲ್ಲದೆ ಕಬ್ಬಿಣವನ್ನು ಬಳಸಿದನು. ತುಕ್ಕು ಹಿಡಿದ ಕಬ್ಬಿಣವು ತನ್ನ ಮೊದಲ ಗಾತ್ರಕ್ಕಿಂತ ಹಲವು ಪಟ್ಟು ಉಬ್ಬುವುದರಿಂದ, ಎರಡು ಸಹಸ್ರ ವರ್ಷಗಳು ಬಾಳಿದ್ದ ಶಿಲೆಗಳು ಕೆಲವೇ ದಶಕಗಳಲ್ಲಿ ಒಳಗಿನಿಂದ ಸೀಳಿದುವು. 1975ರಿಂದೀಚೆಗೆ ತಜ್ಞರು ಅವನ್ನೆಲ್ಲ ಬಿಚ್ಚಿ, ತುಕ್ಕು ಹಿಡಿಯದ ಟೈಟೇನಿಯಂ ಸರಳುಗಳನ್ನು ಕೂಡಿಸಬೇಕಾಯಿತು.

ನಮ್ಮ ಸೀಮೆಯ ಹಳೆಯ ಗುಡಿ, ಮಂಟಪ, ತೊಟ್ಟಿಮನೆಗಳಿಗೂ ಈ ಪಾಠ ಅನ್ವಯಿಸುವುದು. ಕಲ್ಲಿನೊಳಗೆ ಇಳಿಸುವ ಸರಳು ಸಾಮಾನ್ಯ ಉಕ್ಕಿನದಾಗಿರಬಾರದು. ಕನಿಷ್ಠ ಪಕ್ಷ 304 ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದಾಗಿರಬೇಕು, ಬಿಗಿಯುವಾಗ ಕಚ್ಚಿಕೊಳ್ಳದಂತೆ ಅದರ ಸುತ್ತಿಗೆ ಗ್ರೀಸು ಸವರಬೇಕು. ಗಾರೆಯ ಗೋಡೆಯಲ್ಲಿ ಸರಳಿನ ಎರಡು ತುದಿಗೂ ಅಗಲವಾದ ಫಲಕವನ್ನು ಕೊಟ್ಟು, ಒಮ್ಮೆಗೇ ಬಲವಾಗಿ ಎಳೆಯದೆ, ಗೋಡೆ ಹೊಂದಿಕೊಳ್ಳಲು ಅವಕಾಶ ಕೊಡುತ್ತ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸರಳು ಹಳೆಯ ಕಲ್ಲಿಗಿಂತ ಬಲಶಾಲಿಯಾಗಿರಬೇಕೆಂಬ ವ್ಯಾಮೋಹವನ್ನು ಬಿಡಬೇಕು. ಮುಂದೊಂದು ದಿನ ವಿಪರೀತವಾದ ಬಲ ಬಿದ್ದಾಗ ಮೊದಲು ಸೋಲತಕ್ಕದ್ದು ಅಂಗಡಿಯಲ್ಲಿ ಪುನಃ ದೊರೆಯುವ ಸರಳೇ ಹೊರತು ಎಲ್ಲಿಯೂ ದೊರೆಯದ ಶಿಲ್ಪವಲ್ಲ.

ಬೆಸುಗೆಗೂ ಅಂಟಿಗೂ ಇಲ್ಲದ ಗುಣವೊಂದು ತಿರುಪಿಗಿದೆ: ಬಿಗಿದವನೇ ಆಗಲಿ, ನೂರು ವರ್ಷಗಳ ಮೇಲೆ ಬರುವ ಅಪರಿಚಿತನೇ ಆಗಲಿ, ಅದನ್ನು ಎದುರು ದಿಕ್ಕಿಗೆ ತಿರುಗಿಸಿ, ಮಾಡಿದ ಕೆಲಸವನ್ನು ಕೆಡಿಸದೆ ಬಿಚ್ಚಬಹುದು. ದುರಸ್ತಿಗೆ ಹೊರಟವನು ಇಂಚೋ ಮಿಲಿಮೀಟರೋ, ದಪ್ಪವೆಷ್ಟು, ಲೇಪ ಯಾವುದು ಎಂದು ವಿಚಾರಿಸುವುದರೊಂದಿಗೆ, ತಾನು ಬಿಗಿಯುವ ನಟ್ಟು ಮುಂದಿನವನ ಸ್ಪ್ಯಾನರಿಗೆ ಸಿಕ್ಕುವಂತಿದೆಯೇ ಎಂದೂ ವಿಚಾರಿಸತಕ್ಕದ್ದು. ನಟ್ಟನ್ನು ಸಿಮೆಂಟಿನಲ್ಲಿ ಹುಗಿದು ಮುಚ್ಚಿದವನು ತನ್ನ ಕಾಲದ ತಿಳಿವಳಿಕೆಯೇ ಕೊನೆಯದೆಂದು ಸಾರಿದಂತಾಗುವುದು. ಅದನ್ನು ಕೈಗೆಟಕುವಂತೆ ಬಿಟ್ಟವನು ತನಗಿಂತ ಚೆನ್ನಾಗಿ ಬಲ್ಲವನೊಬ್ಬನು ಬರಬಹುದೆಂದು ಒಪ್ಪಿಕೊಂಡಂತಾಗುವುದು.